ಇಜಿಟಿಎ ಬಫರಿನಲ್ಲೂ ಟಿ ಕೋಶದ ಕ್ಯಾಲ್ಸಿಯಂ ಏರೋದು ಯಾಕೆ?

ಪೈಪೆಟ್‌ರಾಣಿ:
ಎಂಎಸ್ಸಿ ಪ್ರಾಜೆಕ್ಟಿಗೆ ಜುರ್ಕಾಟ್ ಕೋಶಗಳಿಗೆ (ಲ್ಯಾಬಿನಲ್ಲಿ ಬೆಳೆಸೋ ಟಿ ಕೋಶ) ಫ್ಲುಯೋ-4 (ಕ್ಯಾಲ್ಸಿಯಂ ಸಿಕ್ಕರೆ ಹೊಳೆಯೋ ಬಣ್ಣ) ತುಂಬಿಸಿ, ರಿಸೆಪ್ಟರನ್ನ ಎಚ್ಚರಿಸೋ ಸಿಡಿ3 ಆಂಟಿಬಾಡಿ ಹಾಕಿ ನೋಡ್ತಿದ್ದೀನಿ. ಮಾಮೂಲಿ ಬಫರಿನಲ್ಲಿ ಹೊಳಪು ಜಿಗಿದು, ಸ್ವಲ್ಪ ಇಳಿದು, ಹಾಗೇ ನಿಲ್ಲುತ್ತೆ. ಕ್ಯಾಲ್ಸಿಯಂ ತೆಗೆದು ಇಜಿಟಿಎ (ಉಳಿದ ಕ್ಯಾಲ್ಸಿಯಂ ಹಿಡಿದಿಡೋ ರಾಸಾಯನಿಕ) ಹಾಕಿದ್ರೆ ಸಣ್ಣ ಗುಡ್ಡ ಎದ್ದು ತಳ ಸೇರುತ್ತೆ. ಹೊರಗೆ ಇಲ್ಲದ್ದು ಒಳಗೆ ಎಲ್ಲಿಂದ ಬಂತು? ಇನ್ನೊಂದು: ಟಿ ಕೋಶದ ರಿಸೆಪ್ಟರಿನ ಆಲ್ಫಾ, ಬೀಟಾ ಸರಪಳಿ ಎರಡಕ್ಕೂ ಒಳಗಿನ ಬಾಲ ತೀರಾ ಮೋಟು. ಸಿಗ್ನಲ್ ಹೋಗೋದಾದ್ರೂ ಹೇಗೆ? ವೈವಾದಲ್ಲಿ ಕೇಳೇ ಕೇಳ್ತಾರೆ.

ಹಳೇಪೋಸ್ಟ್‌ಡಾಕ್:
ಎರಡನೇದು ಮೊದಲು. ಆಲ್ಫಾ-ಬೀಟಾ ಗುರುತು ಹಿಡಿಯೋಕಷ್ಟೇ. ಸಿಗ್ನಲ್ ಹೊರೋದು ಜೊತೆಗಿರೋ ಸಿಡಿ3, ಝೀಟಾ ಬಾಲಗಳು. ಅವುಗಳಲ್ಲಿ ಒಟ್ಟು 10 ಐಟ್ಯಾಮ್ (ಸಿಗ್ನಲ್ ಶುರುವಾಗೋ ಚಿಕ್ಕ ತುಣುಕು), ಎರಡು ಝೀಟಾಗಳಲ್ಲೇ 6. ಪ್ರತಿಯೊಂದರಲ್ಲೂ ಎರಡು ಟೈರೋಸಿನ್. ಎಲ್‌ಸಿಕೆ ಅನ್ನೋ ಕಿಣ್ವ ಎರಡಕ್ಕೂ ಫಾಸ್ಫೇಟ್ ಅಂಟಿಸಿದ್ರೇನೇ ಝ್ಯಾಪ್-70 ಅನ್ನೋ ಇನ್ನೊಂದು ಕಿಣ್ವ ಗಟ್ಟಿಯಾಗಿ ಕೂರೋದು. ಅದು ಪೊರೆಯ ಲ್ಯಾಟ್ ಪ್ರೋಟೀನಿಗೆ ಫಾಸ್ಫೇಟ್ ಹಚ್ಚುತ್ತೆ, ಅಲ್ಲಿಗೆ ಬಂದ ಪಿಎಲ್‌ಸಿ-ಗಾಮಾ1 ಕಿಣ್ವ ಪೊರೆಯ ಕೊಬ್ಬು ಪಿಐಪಿ2ನ ಸೀಳಿ ಐಪಿ3 ಅನ್ನೋ ಸಣ್ಣ ಸಂದೇಶವಾಹಕನ್ನ ಬಿಡುತ್ತೆ.

ಐಪಿ3 ಇಆರ್‌ನ (ಕೋಶದೊಳಗಿನ ಕ್ಯಾಲ್ಸಿಯಂ ಉಗ್ರಾಣ) ಚಾನೆಲ್ ತೆಗೆಯುತ್ತೆ. ನಿಮ್ಮ ಗುಡ್ಡ ಅದೇ, ಇಆರ್‌ನ ದಾಸ್ತಾನು. ದಾಸ್ತಾನು ಖಾಲಿಯಾಗಿದ್ದು ಇಆರ್‌ನ ಸ್ಟಿಮ್1 ಪ್ರೋಟೀನಿಗೆ ಗೊತ್ತಾಗಿ, ಅದು ಕೋಶದ ಹೊರಪೊರೆಯಲ್ಲಿರೋ ಓರಾಯ್1 ಚಾನೆಲ್ ತೆರೆಸುತ್ತೆ. ನಿಮ್ಮ ಇಜಿಟಿಎ ಬಫರಿನಲ್ಲೂ ತೆರೆದಿರುತ್ತೆ, ನುಗ್ಗೋಕೆ ಕ್ಯಾಲ್ಸಿಯಂ ಇಲ್ಲ ಅಷ್ಟೇ. ನಂಬಿಕೆ ಬರದಿದ್ರೆ ರೇಖೆ ತಳ ಸೇರಿದ ಮೇಲೆ ಕ್ಯಾಲ್ಸಿಯಂ ಸೇರಿಸಿ ನೋಡಿ. ಇಜಿಟಿಎ ನುಂಗೋದಕ್ಕಿಂತ ಜಾಸ್ತಿ ಇರಲಿ, ಇಲ್ಲಾಂದ್ರೆ ದಂಡ. ವೈವಾದಲ್ಲಿ ಹೆಸರುಗಳ ಸಾಲು ಒಪ್ಪಿಸಬೇಡಿ, ಈ ರೇಖೆ ಬರೆದು ತೋರಿಸಿ.

ಕಸಿಯವ:
ನಾನು ಲ್ಯಾಬಿನವನಲ್ಲ, ಕಿಡ್ನಿ ಕಸಿ ಆದವನು. ದಿನಾ ಟ್ಯಾಕ್ರೋಲಿಮಸ್ ನುಂಗ್ತೀನಿ, ಟಿ ಕೋಶ ತಡೆಯುತ್ತೆ ಅಂತಾರೆ. ಅದು ಮುಚ್ಚೋದು ಈ ಓರಾಯ್‌ನೇನಾ?

ಹಳೇಪೋಸ್ಟ್‌ಡಾಕ್:
ಅಲ್ಲ ಸರ್, ಅದು ಹಿಡಿಯೋದು ಮುಂದಿನ ಹೆಜ್ಜೆಯನ್ನ. ಕ್ಯಾಲ್ಸಿಯಂ ಏರಿದಾಗ ಕ್ಯಾಲ್ಸಿನ್ಯೂರಿನ್ ಅನ್ನೋ ಕಿಣ್ವ ಎಚ್ಚೆತ್ತು, ಜೀನ್ ಚಾಲೂ ಮಾಡೋ ಎನ್‌ಫ್ಯಾಟ್ ಪ್ರೋಟೀನಿನ ಫಾಸ್ಫೇಟ್ ಕೀಳುತ್ತೆ. ಆಗ ಎನ್‌ಫ್ಯಾಟ್ ನ್ಯೂಕ್ಲಿಯಸ್ ಹೊಕ್ಕು ಟಿ ಕೋಶ ಬೆಳೆಸೋ ಐಎಲ್-2 ಜೀನ್ ಶುರು ಮಾಡಿಸುತ್ತೆ. ನಿಮ್ಮ ಮಾತ್ರೆ ಕೋಶದೊಳಗಿನ ಎಫ್‌ಕೆಬಿಪಿ12 ಪ್ರೋಟೀನ್ ಜೊತೆ ಸೇರಿ ಕ್ಯಾಲ್ಸಿನ್ಯೂರಿನ್ ಕಟ್ಟಿಹಾಕುತ್ತೆ. ಕ್ಯಾಲ್ಸಿಯಂ ಎಷ್ಟೇ ಏರಲಿ, ಎನ್‌ಫ್ಯಾಟ್ ಹೊರಗೇ. ಡೋಸ್ ವಿಷಯ ಮಾತ್ರ ಡಾಕ್ಟರನ್ನೇ ಕೇಳಿ.

ಪೈಪೆಟ್‌ರಾಣಿ:
ಕ್ಯಾಲ್ಸಿಯಂ ಸೇರಿಸಿದೆ, ರೇಖೆ ಸರ್ರಂತ ಏರಿತು! ಹಾಗಾದ್ರೆ ಆಂಟಿಬಾಡಿಯೇ ಇಲ್ಲದೆ ಇಆರ್ ಖಾಲಿ ಮಾಡಿದ್ರೂ ಓರಾಯ್ ತೆರೀಬೇಕಲ್ವಾ?

ಹಳೇಪೋಸ್ಟ್‌ಡಾಕ್:
ತೆರೆಯುತ್ತೆ. ಥ್ಯಾಪ್ಸಿಗಾರ್ಗಿನ್ ಹಾಕಿ. ಇಆರ್‌ಗೆ ಕ್ಯಾಲ್ಸಿಯಂ ತುಂಬೋ ಪಂಪ್ ನಿಂತು, ಸೋರಿಕೆಯಿಂದಲೇ ಖಾಲಿಯಾಗುತ್ತೆ. ಗ್ಲೌಸ್ ಹಾಕ್ಕೊಳ್ಳಿ, ವಿಷ ಅದು.