ಅಂಗಳ ಸಪಾಟು, ನಕ್ಷೆಯಲ್ಲಿ ಗುಡ್ಡ: ಹತ್ತನೆಯ ತರಗತಿಯ ದೂರ–ಕಾಲ ನಕ್ಷೆಗಳ ಬಗ್ಗೆ

ಪ್ರಶ್ನೆ: ಗಣಿತ ಶಿಕ್ಷಕಿ, ಬದಿಯಡ್ಕ ಸಮೀಪ

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿನ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆಯಲ್ಲಿ ಹತ್ತನೆಯ ತರಗತಿಗೆ ಗಣಿತ ಕಲಿಸುತ್ತೇನೆ. ಸರಳರೇಖೆಯ ಇಳಿಜಾರಿನ ಪಾಠ ಮುಗಿದ ಮೇಲೆ, ಮಕ್ಕಳು ಭೌತಶಾಸ್ತ್ರದಲ್ಲಿ ಕಲಿತ ಚಲನೆಯೊಡನೆ ಅದನ್ನು ಜೋಡಿಸಿ ತೋರಿಸೋಣವೆಂದು, ಶಾಲೆಯ ಅಂಗಳದಲ್ಲಿ 30 ಮೀಟರ್ ಉದ್ದಕ್ಕೆ ಐದೈದು ಮೀಟರಿಗೊಂದು ಸುಣ್ಣದ ಗೆರೆ ಎಳೆಸಿ, ಒಬ್ಬ ಹುಡುಗನನ್ನು ನಡೆಸಿ, ಉಳಿದವರಿಂದ ಸಮಯ ಬರೆಸಿದೆ. ಅವನು ಒಂದೇ ಸಮನೆ ನಡೆದು 20 ಸೆಕೆಂಡುಗಳಲ್ಲಿ ಆ ತುದಿ ಮುಟ್ಟಿ, 6 ಸೆಕೆಂಡು ನಿಂತು, 15 ಸೆಕೆಂಡುಗಳಲ್ಲಿ ಹಿಂದಿರುಗಿದ. ಕಾಲವನ್ನು ಅಡ್ಡ ಅಕ್ಷದಲ್ಲಿ 1 ಸೆಂ.ಮೀ.ಗೆ 2 ಸೆಕೆಂಡಿನಂತೆ, ಹೊರಟ ಗೆರೆಯಿಂದ ಅವನಿದ್ದ ದೂರವನ್ನು ಲಂಬ ಅಕ್ಷದಲ್ಲಿ 1 ಸೆಂ.ಮೀ.ಗೆ 5 ಮೀಟರಿನಂತೆ ಗುರುತಿಸಿ ನಕ್ಷೆ ಬರೆಯಲು ಹೇಳಿದೆ.

ಬಿಂದುಗಳನ್ನು ಬಹುತೇಕ ಎಲ್ಲರೂ ಸರಿಯಾಗಿಯೇ ಇಟ್ಟರು. ತೊಡಕು ಬಂದದ್ದು ನಕ್ಷೆಯನ್ನು ಓದುವಾಗ. ನಡೆದ ಹುಡುಗನೇ ತನ್ನ ಹಾಳೆಯನ್ನು ತಂದು, ‘ಟೀಚರ್, ಅಂಗಳ ಸಪಾಟು ಇತ್ತಲ್ಲ, ಇದರಲ್ಲಿ ಗುಡ್ಡ ಹತ್ತಿ ಇಳಿದ ಹಾಗೆ ಯಾಕೆ ಬಂತು?’ ಎಂದು ಕೇಳಿದ. ಇನ್ನೊಬ್ಬಳು, ಲೆಕ್ಕದಲ್ಲಿ ಯಾವಾಗಲೂ ಮುಂದಿರುವವಳು, ಮೊದಲ ಗೆರೆಗೆ ಕೋನಮಾಪಕ ಇಟ್ಟು 31 ಡಿಗ್ರಿ ಎಂದು ಅಳೆದು, ಪಟ್ಟಿಯಲ್ಲಿ ಅದರ ಟ್ಯಾನ್ (ಏರಿಕೆಯನ್ನು ಅಡ್ಡಳತೆಯಿಂದ ಭಾಗಿಸಿದ ಬೆಲೆ) ನೋಡಿ, ‘ವೇಗ ಸೆಕೆಂಡಿಗೆ 0.6 ಮೀಟರ್’ ಎಂದು ಬರೆದಳು. ಅದೇ ಪುಸ್ತಕದ ಹಿಂದಿನ ಪುಟದಲ್ಲಿ 30ನ್ನು 20ರಿಂದ ಭಾಗಿಸಿ 1.5 ಎಂದು ಬರೆದವಳೂ ಅವಳೇ. ತಪ್ಪೆಂದು ಹೇಳುವುದು ಸುಲಭ. ಆದರೆ ರೇಖೆಯ ಇಳಿಜಾರು ಎಂದರೆ ಆ ಕೋನದ ಟ್ಯಾನ್ ಎಂದು ಹಿಂದಿನ ವಾರ ನಾನೇ ಕಲಿಸಿದ್ದರಿಂದ, ಅವಳ ಮುಂದೆ ನನಗೆ ಮಾತು ಹೊರಡಲಿಲ್ಲ. ಈ ಎರಡು ತಪ್ಪುಗಳನ್ನು ಹೇಗೆ ಬಿಡಿಸುವುದೆಂದು ಅನುಭವವುಳ್ಳವರು ತಿಳಿಸಬೇಕಾಗಿ ವಿನಂತಿ.

ಉತ್ತರ 1: ಭೌತಶಾಸ್ತ್ರ ಉಪನ್ಯಾಸಕ, ಮಂಜೇಶ್ವರ

ಟೀಚರ್, ನನ್ನ ಅಭಿಪ್ರಾಯದಲ್ಲಿ ಇವು ಎರಡಲ್ಲ, ಒಂದೇ ತಪ್ಪು. ಗಣಿತದ ತರಗತಿಯಲ್ಲಿ ಎರಡು ಅಕ್ಷಗಳೂ ಸಾಮಾನ್ಯವಾಗಿ ಉದ್ದಗಳೇ ಆಗಿರುತ್ತವೆ ಮತ್ತು ಎರಡಕ್ಕೂ ಒಂದೇ ಪ್ರಮಾಣವಿರುತ್ತದೆ. ಅಲ್ಲಿ ತ್ರಿಭುಜ ಬರೆದರೆ ಅದು ತ್ರಿಭುಜವೇ, 45 ಡಿಗ್ರಿ ಎಂದರೆ 45 ಡಿಗ್ರಿಯೇ. ಚಲನೆಯ ನಕ್ಷೆಯಲ್ಲಿ ಒಂದು ಅಕ್ಷ ಕಾಲವಾದ ಕ್ಷಣದಲ್ಲಿ ಕಾಗದದ ಮೇಲಿನ ಆಕಾರಕ್ಕೂ ಅಂಗಳದ ಆಕಾರಕ್ಕೂ ಇದ್ದ ನಂಟು ಕಡಿದುಹೋಗುತ್ತದೆ. ನಿಮ್ಮ ಹುಡುಗ ಆ ಆಕಾರವನ್ನು ನಂಬಿದ, ಹುಡುಗಿ ಅದರ ಕೋನವನ್ನು ನಂಬಿದಳು, ಅಷ್ಟೇ ವ್ಯತ್ಯಾಸ. ಅವಳ 0.6 ಸುಳ್ಳಲ್ಲ: ಅದು ಕಾಗದದ ಮೇಲೆ 10 ಸೆಂ.ಮೀ. ಅಡ್ಡಕ್ಕೆ 6 ಸೆಂ.ಮೀ. ಏರಿಕೆ. ಅದನ್ನು ಲಂಬ ಅಕ್ಷದ 5 ಮೀಟರಿನಿಂದ ಗುಣಿಸಿ, ಅಡ್ಡ ಅಕ್ಷದ 2 ಸೆಕೆಂಡಿನಿಂದ ಭಾಗಿಸಿದರೆ 1.5 ತಾನಾಗಿ ಬರುತ್ತದೆ. ಅವಳ ಉತ್ತರವನ್ನು ಹೊಡೆದುಹಾಕದೆ, ಅದರ ಪಕ್ಕದಲ್ಲಿ ಈ ಗುಣಾಕಾರವನ್ನು ಬರೆಸಿ ನೋಡಿ.

ಹುಡುಗನಿಗೆ ಮಾತಿನ ವಿವರಣೆ ಸಾಲದು. ನಾನು ಮಾಡಿಸುವುದು ಹೀಗೆ. ಮೇಜಿನ ಮೇಲೆ ಉದ್ದನೆಯ ಕಾಗದ ಹಾಸಿ, ಅದಕ್ಕೆ ಅಡ್ಡಲಾಗಿ ಒಂದು ಸ್ಕೇಲನ್ನು ಅಲುಗದಂತೆ ಹಿಡಿಯಬೇಕು. ಒಬ್ಬರು ಪೆನ್ಸಿಲನ್ನು ಸ್ಕೇಲಿಗೆ ತಾಗಿಸಿ ಅದರ ಗುಂಟ ಮಾತ್ರ ಹಿಂದೆ ಮುಂದೆ ಸರಿಸಬೇಕು. ಇನ್ನೊಬ್ಬರು ಕಾಗದವನ್ನು ಒಂದೇ ಸಮನೆ ಎಡಕ್ಕೆ ಎಳೆಯಬೇಕು. ಪೆನ್ಸಿಲ್ ಸ್ಕೇಲನ್ನು ಬಿಟ್ಟು ಕದಲುವುದಿಲ್ಲ, ಆದರೂ ಕಾಗದದ ಮೇಲೆ ಓರೆ ಗೆರೆ ಮೂಡುತ್ತದೆ. ಪೆನ್ಸಿಲ್ ನಿಂತರೆ ಗೆರೆ ಅಡ್ಡಕ್ಕೆ ಓಡುತ್ತದೆ. ಕಾಗದವನ್ನು ಜೋರಾಗಿ ಎಳೆದರೆ ಅದೇ ನಡಿಗೆಯ ಗೆರೆ ಮಲಗುತ್ತದೆ, ನಿಧಾನವಾಗಿ ಎಳೆದರೆ ಎದ್ದು ನಿಲ್ಲುತ್ತದೆ. ಕಾಲದ ಪ್ರಮಾಣ ಎನ್ನುವುದು ಈ ಎಳೆತವೇ ಎಂದು ಆಗ ಹೇಳಬಹುದು.

ನಮ್ಮ ಹನ್ನೊಂದನೆಯ ತರಗತಿಗೆ ಬಂದವರಲ್ಲಿಯೂ ಈ ಗೊಂದಲ ಉಳಿದಿರುತ್ತದೆ. ಅಡಿಕೆ ಮರದ ತುದಿಯಿಂದ, 19.6 ಮೀಟರ್ ಎತ್ತರದಿಂದ, ಹಣ್ಣಡಿಕೆ ಕಳಚಿ ಬೀಳುತ್ತದೆ ಎಂದುಕೊಳ್ಳಿ. ಗಾಳಿಯ ತಡೆಯನ್ನು ಬಿಟ್ಟರೆ ಅದು ಮೊದಲ ಸೆಕೆಂಡಿನಲ್ಲಿ 4.9 ಮೀಟರ್ ಇಳಿದು, 2 ಸೆಕೆಂಡುಗಳಲ್ಲಿ ನೆಲ ಮುಟ್ಟುತ್ತದೆ. ಎತ್ತರ–ಕಾಲದ ನಕ್ಷೆ ಬಾಗಿ ಬಂದಾಗ, ‘ಅಡಿಕೆ ದೂರಕ್ಕೆ ಹಾರಿ ಬಿತ್ತೇ ಸರ್?’ ಎಂದು ಕೇಳುವವರು ಪ್ರತಿವರ್ಷ ಇರುತ್ತಾರೆ. ಅಡಿಕೆ ನೆಟ್ಟಗೆ ಬುಡಕ್ಕೇ ಬಿದ್ದಿದೆ. ಬಾಗಿದ್ದು ಗೆರೆ ಮಾತ್ರ. ವೇಗ–ಕಾಲದ ನಕ್ಷೆಯಲ್ಲಾದರೆ ಅದೇ ಬೀಳುವಿಕೆ ಸರಳರೇಖೆಯಾಗುತ್ತದೆ, ಮತ್ತು ಆ ರೇಖೆಯ ಕೆಳಗಿನ ತ್ರಿಭುಜದ ವಿಸ್ತೀರ್ಣ, ಅಂದರೆ 2ನ್ನು 19.6ರಿಂದ ಗುಣಿಸಿದ್ದರ ಅರ್ಧ, ಮರದ ಎತ್ತರವನ್ನೇ ಕೊಡುತ್ತದೆ. ಅಕ್ಷಗಳ ಗಣಿತಕ್ಕೆ ಹೆಸರಾದ ಡೆಕಾರ್ಟನ ‘ಜ್ಯಾಮಿತಿ’ ಗ್ರಂಥ ಪ್ರಕಟವಾದ 1637ಕ್ಕಿಂತ ಬಹಳ ಹಿಂದೆ, ಹದಿನಾಲ್ಕನೆಯ ಶತಮಾನದಲ್ಲಿಯೇ, ಫ್ರಾನ್ಸಿನ ನಿಕೋಲ್ ಒರೆಸ್ಮ್ ವೇಗವನ್ನು ನಿಂತ ಗೆರೆಗಳಾಗಿ, ಕಾಲವನ್ನು ಅಡ್ಡ ಗೆರೆಯಾಗಿ ಎಳೆದು ಈ ವಿಸ್ತೀರ್ಣದ ಮಾತನ್ನು ತೋರಿಸಿದ್ದ. ಅಲ್ಲಿಯೂ ನಿಂತ ಗೆರೆ ಎತ್ತರವಲ್ಲ.

ಉತ್ತರ 2: ನಿವೃತ್ತ ರೈಲ್ವೆ ನೌಕರ, ಕುಂಬಳೆ

ನಾನು ಕಲಿಸಿದವನಲ್ಲ, ಆದರೆ ಇಂತಹ ನಕ್ಷೆಗಳನ್ನು ಕಂಡವನು. ರೈಲುಗಳ ಓಡಾಟವನ್ನು ನಿಯಂತ್ರಿಸುವ ಕಂಟ್ರೋಲ್ ಕಚೇರಿಯಲ್ಲಿ ಚಾರ್ಟ್ ಎಂದು ಒಂದಿರುತ್ತದೆ. ಹಿಂದೆ ದೊಡ್ಡ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಎಳೆಯುತ್ತಿದ್ದರು, ಈಗ ಕಂಪ್ಯೂಟರಿನಲ್ಲಿದೆ. ಅದರಲ್ಲಿ ನಿಲ್ದಾಣಗಳು ಒಂದರ ಮೇಲೊಂದು, ನಮ್ಮ ಕಡೆಯದಾದರೆ ಕಾಸರಗೋಡು, ಕುಂಬಳೆ, ಉಪ್ಪಳ, ಮಂಜೇಶ್ವರ, ಉಳ್ಳಾಲ ಎಂದು, ಅಡ್ಡಕ್ಕೆ ಗಂಟೆ. ಪ್ರತಿ ರೈಲೂ ಒಂದು ಓರೆ ಗೆರೆ. ಮಂಗಳೂರಿಗೆ ಹೋಗುವ ಗೆರೆ ಮೇಲಕ್ಕೆ ಏರಿದರೆ ಅಲ್ಲಿಂದ ಬರುವುದು ಕೆಳಕ್ಕೆ ಇಳಿಯುತ್ತದೆ, ನಿಂತ ಗಾಡಿಯ ಗೆರೆ ಅಡ್ಡ ಮಲಗುತ್ತದೆ. ಹಳಿ ಒಂದೇ ಇದ್ದ ಕಾಲದಲ್ಲಿ ಎರಡು ಗೆರೆಗಳು ಒಂದನ್ನೊಂದು ದಾಟುವ ಜಾಗ ಯಾವುದಾದರೂ ನಿಲ್ದಾಣದ ಮಟ್ಟದಲ್ಲಿಯೇ ಇರಬೇಕಿತ್ತು, ನಡುವೆ ಬರುವಂತಿರಲಿಲ್ಲ. ಈ ಗೆರೆಗಳನ್ನು ಗುಡ್ಡವೆಂದು ಯಾರೂ ಭಾವಿಸುತ್ತಿರಲಿಲ್ಲ, ಏಕೆಂದರೆ ಲಂಬ ಅಕ್ಷದ ಮೇಲೆ ಅಂಕಿಗಳಿಗೆ ಬದಲು ಊರುಗಳ ಹೆಸರಿತ್ತು.

ಹೀಗೊಂದು ಮಾಡಿಸಿ: ಒಬ್ಬನನ್ನು ಈ ತುದಿಯಿಂದ ಸೆಕೆಂಡಿಗೆ 1.5 ಮೀಟರಿನಂತೆ, ಇನ್ನೊಬ್ಬನನ್ನು ಆ ತುದಿಯಿಂದ ಸೆಕೆಂಡಿಗೆ 1 ಮೀಟರಿನಂತೆ ಒಟ್ಟಿಗೆ ಹೊರಡಿಸಿದರೆ, 12ನೆಯ ಸೆಕೆಂಡಿನಲ್ಲಿ 18 ಮೀಟರಿನ ಹತ್ತಿರ ಭೇಟಿಯಾಗಬೇಕು. ಅದನ್ನು ಮೊದಲು ನಕ್ಷೆಯಲ್ಲಿ ಕಂಡುಹಿಡಿದು, ಅಲ್ಲಿ ಸುಣ್ಣದ ಗುರುತು ಹಾಕಿ, ಆಮೇಲೆ ನಡೆಸಿ.

ಉತ್ತರ 3: ಪೆರ್ಲದ ಓದುಗ

ಮಾತಿನ ತೊಂದರೆಯೂ ಒಂದಿದೆ. ಏರುವ ಗೆರೆಗೂ ‘ಇಳಿಜಾರು’ ಎನ್ನುವಾಗ ಮಗುವಿಗೆ ಗುಡ್ಡ ನೆನಪಾಗದೆ ಇನ್ನೇನು ನೆನಪಾದೀತು? ಅದಲ್ಲದೆ ಕನ್ನಡದ ವಿಜ್ಞಾನ ಬರವಣಿಗೆಯಲ್ಲಿ ದಿಕ್ಕಿಲ್ಲದ್ದು ಜವ, ದಿಕ್ಕುಳ್ಳದ್ದು ವೇಗ; ಮಲಯಾಳದಲ್ಲಿ ದಿಕ್ಕಿಲ್ಲದ್ದೇ ವೇಗ, ದಿಕ್ಕುಳ್ಳದ್ದು ಪ್ರವೇಗ. ಟ್ಯೂಷನ್ನಿನಲ್ಲಿ ಮಲಯಾಳದಲ್ಲಿ ಕೇಳಿ ಶಾಲೆಯಲ್ಲಿ ಕನ್ನಡದಲ್ಲಿ ಬರೆಯುವ ನನ್ನ ಮಗಳು, ಹಿಂದಿರುಗುವ ಗೆರೆಯ ವೇಗಕ್ಕೆ ಋಣ ಚಿಹ್ನೆ ಹಾಕದೆ ಅಂಕ ಕಳೆದುಕೊಂಡಳು.

ಪ್ರಶ್ನೆ ಕೇಳಿದವರ ಮರುಮಾತು

ಎಲ್ಲರಿಗೂ ಕೃತಜ್ಞತೆಗಳು. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಕಾಗದ ಎಳೆಯುವ ಪ್ರಯೋಗ ಮಾಡಿಸಿದೆ. ಮೊದಲ ಎರಡು ಸಲ ಎಳೆತ ಜರ್ಕು ಹೊಡೆದು ಗೆರೆ ಮೆಟ್ಟಿಲು ಮೆಟ್ಟಿಲಾಯಿತು. ಮೂರನೆಯ ಸಲ ಸರಿಬಂತು. ಆ ಹುಡುಗ ಗೆರೆಯನ್ನು ಸ್ವಲ್ಪ ಹೊತ್ತು ನೋಡಿ, ‘ಪೆನ್ಸಿಲ್ ಹತ್ತಲಿಲ್ಲ ಟೀಚರ್, ಕಾಗದ ಓಡಿತು’ ಎಂದ. ಹುಡುಗಿಗೆ ಅದೇ ಪಟ್ಟಿಯನ್ನು ಕಾಲದ ಪ್ರಮಾಣ ಬದಲಿಸಿ, 1 ಸೆಂ.ಮೀ.ಗೆ 4 ಸೆಕೆಂಡಿನಂತೆ, ಮತ್ತೆ ಬರೆಯಲು ಹೇಳಿದೆ. ಕೋನ 50 ಡಿಗ್ರಿ ಬಂತು, ಟ್ಯಾನ್ 1.2. ಅವಳೇ 5ರಿಂದ ಗುಣಿಸಿ 4ರಿಂದ ಭಾಗಿಸಿ, 1.5 ಬಂದದ್ದನ್ನು ಕಂಡು, ಕೋನಮಾಪಕವನ್ನು ಪೆಟ್ಟಿಗೆಗೆ ಹಾಕಿದಳು.

ಕುಂಬಳೆಯ ಹಿರಿಯರು ಹೇಳಿದ ಇಬ್ಬರ ನಡಿಗೆಯನ್ನೂ ಮಾಡಿಸಿದೆವು. ವೈ = 1.5 ಎಕ್ಸ್, ವೈ = 30 − ಎಕ್ಸ್ ಎಂಬ ಸಮೀಕರಣಗಳನ್ನು ಬಿಡಿಸಿ 18 ಮೀಟರಿನಲ್ಲಿ ಗುರುತು ಹಾಕಿದ್ದೆವು; ಹುಡುಗರು ಭೇಟಿಯಾದದ್ದು 16ರ ಹತ್ತಿರ. ಯಾರ ನಡಿಗೆ ತಪ್ಪಿತ್ತು ಎಂಬ ಬಗ್ಗೆ ತರಗತಿಯಲ್ಲಿ ಇನ್ನೂ ಜಗಳವಿದೆ, ನಾಳೆ ಐದೈದು ಮೀಟರಿನ ಸಮಯಗಳನ್ನು ನೋಡಿ ತೀರ್ಮಾನಿಸಬೇಕು.