ಹಳೆ ಎಂಎಕ್ಸ್-5 (1992, 1.6): ಫ್ಯುಯೆಲ್ ಪಂಪ್ 190 ಸಾಕಾ, 255 ಬೇಕಾ?

ಬಸವನಗುಡಿ_ರೋಡ್‌ಸ್ಟರ್:
ಕಾರು 1992ರ ಮಾಜ್ದಾ ಎಂಎಕ್ಸ್-5, 1.6 ಇಂಜಿನ್. ಟ್ಯಾಂಕ್ ಒಳಗಿರೋದು ಕಂಪನಿ ಪಂಪೇ. 5,500 ಆರ್‌ಪಿಎಂ ದಾಟಿ ಫುಲ್ ಥ್ರಾಟಲ್ ಕೊಟ್ಟರೆ ವೈಡ್‌ಬ್ಯಾಂಡ್ (ಗಾಳಿ-ಪೆಟ್ರೋಲ್ ಅನುಪಾತ ತೋರಿಸೋ ಮೀಟರ್) 15ರ ಹತ್ತಿರ ಹೋಗುತ್ತೆ, ಅಂದ್ರೆ ಲೀನ್, ಪೆಟ್ರೋಲ್ ಕಮ್ಮಿ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ತೆವಳಿ ಬಂದ ಮೇಲೆ, ಅದರಲ್ಲೂ ಟ್ಯಾಂಕ್ ಕಾಲು ಭಾಗಕ್ಕಿಂತ ಕಮ್ಮಿ ಇದ್ರೆ, ಇನ್ನೂ ಜಾಸ್ತಿ. ಫಿಲ್ಟರ್ ಹೊಸದು. ಮುಂದೆ 0.5 ಬಾರ್ ಟರ್ಬೊ, ನಿಮಿಷಕ್ಕೆ 400 ಸಿಸಿ ಇಂಜೆಕ್ಟರ್, ಸ್ಟ್ಯಾಂಡ್‌ಅಲೋನ್ ಇಸಿಯು (ಕಂಪನಿಯದ್ದರ ಬದಲು ಹಾಕೋ ಇಂಜಿನ್ ಕಂಪ್ಯೂಟರ್) ಹಾಕಿ 180 ಬಿಎಚ್‌ಪಿ ತೆಗೆಯೋ ಪ್ಲಾನ್. ವಾಲ್‌ಬ್ರೊ ಪಂಪ್‌ನಲ್ಲಿ ಗಂಟೆಗೆ 190 ಲೀಟರ್‌ದು ಹಾಕಲಾ, 255ದು ಹಾಕಲಾ? ವೈರಿಂಗ್ ಬದಲಿಸಬೇಕಾ?

ರಿಟರ್ನ್‌ಲೈನ್:
ಮೊದಲು ಲೆಕ್ಕ. ಟರ್ಬೊ ಇಂಜಿನ್‌ಗೆ ಪ್ರತಿ ಬಿಎಚ್‌ಪಿಗೆ ಗಂಟೆಗೆ 0.6 ಪೌಂಡ್ ಇಂಧನ ಅಂತ ಹಿಡಿಯಿರಿ. 180ಕ್ಕೆ 108 ಪೌಂಡ್, ಅಂದ್ರೆ 49 ಕೆಜಿ, ಸುಮಾರು 66 ಲೀಟರ್. ಇ20ಗೆ ಶೇ. 8ರಷ್ಟು ಸೇರಿಸಿದ್ರೆ 71 ಲೀಟರ್. 400 ಸಿಸಿ ಇಂಜೆಕ್ಟರ್ ನಾಲ್ಕೂ ಶೇ. 80 ಡ್ಯೂಟಿಯಲ್ಲಿ (ಶೇ. 80 ಹೊತ್ತು ತೆರೆದು) ಸುರಿದರೂ ಗಂಟೆಗೆ 77 ಲೀಟರ್ ಅಷ್ಟೇ. 190ರ ಪಂಪ್‌ಗೆ ಇದು ಅರ್ಧ ಕೆಲಸವೂ ಅಲ್ಲ.

255 ಹಾಕಿದ್ರೆ ಐಡಲ್‌ನಲ್ಲಿ ಹೆಚ್ಚುಕಮ್ಮಿ ಎಲ್ಲಾ ಪೆಟ್ರೋಲೂ ವಾಪಸ್ ಹೋಗಬೇಕು. ಆ ಕಾಲದ ರೆಗ್ಯುಲೇಟರ್ (ಪ್ರೆಶರ್ ಹಿಡಿದಿಡೋದು), ಟ್ಯಾಂಕ್‌ಗೆ ಹೋಗೋ ರಿಟರ್ನ್ ಪೈಪ್ ಅಷ್ಟನ್ನ ಬಿಡಲ್ಲ. ರೈಲ್ (ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಕೊಡೋ ಪೈಪ್) ಪ್ರೆಶರ್ ಏರುತ್ತೆ, ಐಡಲ್ ರಿಚ್ ಆಗುತ್ತೆ, ಅಂದ್ರೆ ಪೆಟ್ರೋಲ್ ಜಾಸ್ತಿ. ಜೊತೆಗೆ ಬಿಸಿ ಇಂಜಿನ್ ಸುತ್ತಿ ಬಂದ ಪೆಟ್ರೋಲ್ ಇನ್ನೂ ಜೋರಾಗಿ ಟ್ಯಾಂಕ್ ಸೇರಿ ಅದನ್ನೂ ಕಾಯಿಸುತ್ತೆ. ನಿಮ್ಮ ತೊಂದರೆ ಶುರುವಾಗೋದೇ ಅಲ್ಲಿ.

ಅಂದಹಾಗೆ, ಈಗಿರೋ ಸ್ಟಾಕ್ ಇಂಜೆಕ್ಟರ್ ಸುಮಾರು 210 ಸಿಸಿ. ಪೂರ್ತಿ ತೆರೆದರೂ ಗಂಟೆಗೆ 50 ಲೀಟರ್. ಆರೋಗ್ಯವಾಗಿರೋ ಹಳೇ ಪಂಪ್‌ಗೆ ಅದು ಲೆಕ್ಕಕ್ಕೇ ಇಲ್ಲ. ಹಾಗಾಗಿ ಈಗಿನ ಲೀನ್‌ಗೆ ಕಾರಣ ಪಂಪ್ ಸೈಜ್ ಅಲ್ಲ. ಫಿಲ್ಟರ್ ಆದ ಮೇಲೆ ಗೇಜ್ ಹಾಕಿ. ರೆಗ್ಯುಲೇಟರ್‌ನ ವ್ಯಾಕ್ಯೂಮ್ ಪೈಪ್ ಕಿತ್ತಾಗ 2.7ರಿಂದ 3.2 ಬಾರ್ ಇರಬೇಕು, ಫುಲ್ ಥ್ರಾಟಲ್‌ನಲ್ಲಿ ರೆಡ್‌ಲೈನ್‌ವರೆಗೂ ಅಷ್ಟೇ ನಿಲ್ಲಬೇಕು. ಗೇಜನ್ನ ಗಾಜಿನ ಹೊರಗಡೆ ಟೇಪ್ ಮಾಡಿ, ಪೆಟ್ರೋಲ್ ಪೈಪ್ ಕ್ಯಾಬಿನ್ ಒಳಗೆ ಬರಲೇಬಾರದು. ಅದೇ ಹೊತ್ತಲ್ಲಿ ಪಂಪ್ ಕನೆಕ್ಟರ್‌ನಲ್ಲಿ ವೋಲ್ಟೇಜೂ ನೋಡಿ.

ಎಚ್‌ಬಿಆರ್_ಗ್ಯಾರೇಜ್:
ಇಷ್ಟೆಲ್ಲಾ ಯಾಕೆ ಗುರು, ಮಾರುತಿ ಪಂಪ್ ಮೋಟರ್ ಕೂರಿಸಿ ಬಿಡಿ. ಜೆ.ಸಿ. ರಸ್ತೆಯಲ್ಲಿ ಎಲ್ಲಿ ಕೇಳಿದ್ರೂ ಸಿಗುತ್ತೆ.

ರಿಟರ್ನ್‌ಲೈನ್:
ಸ್ಟಾಕ್ ಇಂಜಿನ್‌ಗೆ ಓಡಬಹುದು. 0.5 ಬಾರ್ ಬೂಸ್ಟ್ ಬಂದಾಗ ರೈಲ್ 3.5ರ ಹತ್ತಿರ ಹೋಗುತ್ತೆ, ಸಣ್ಣ ಕಾರಿನ ಪಂಪ್ ಅಲ್ಲಿ ಕೈ ಚೆಲ್ಲಿದ್ರೆ ಪಿಸ್ಟನ್ ಹೋಗುತ್ತೆ. ಬೇಡ.

ಬಸವನಗುಡಿ_ರೋಡ್‌ಸ್ಟರ್:
ಅಳೆದೆ. ಐಡಲ್‌ನಲ್ಲಿ ಪೈಪ್ ಕಿತ್ತು 2.9 ಬಾರ್, 6,000ದಲ್ಲಿ 2.2ಕ್ಕೆ ಇಳೀತು. ಬ್ಯಾಟರಿಯಲ್ಲಿ 13.8 ವೋಲ್ಟ್, ಪಂಪ್‌ನಲ್ಲಿ 10.4.

ರಿಲೇ_ರಾಯ:
3.4 ವೋಲ್ಟ್ ದಾರಿಯಲ್ಲೇ ಮಾಯ! ಮೊದಲು ಅರ್ಥ್ ನೋಡಿ: ಪಂಪ್ ನೆಗೆಟಿವ್‌ನಿಂದ ಬ್ಯಾಟರಿ ನೆಗೆಟಿವ್‌ಗೆ ಪಂಪ್ ಓಡುವಾಗ 0.2 ವೋಲ್ಟ್‌ಗಿಂತ ಜಾಸ್ತಿ ಬಂದ್ರೆ ಅಲ್ಲೇ ತುಕ್ಕು. ಉಳಿದದ್ದು ಮೂವತ್ತು ವರ್ಷ ಹಳೆಯ ಇಗ್ನಿಷನ್ ಸ್ವಿಚ್, ರಿಲೇ ಕಾಂಟ್ಯಾಕ್ಟ್, ಸಣ್ಣ ವೈರ್.

ಈ ಕಾರಲ್ಲಿ ಬ್ಯಾಟರಿ ಡಿಕ್ಕಿಯಲ್ಲೇ ಇರೋದ್ರಿಂದ ಕೆಲಸ ಸುಲಭ. ಬ್ಯಾಟರಿ ಪ್ಲಸ್‌ನಿಂದ ಒಂದು ಗೇಣಿನೊಳಗೆ 15 ಆಂಪ್ ಫ್ಯೂಸ್, ಅಲ್ಲಿಂದ 2.5 ಚದರ ಮಿಮೀ ವೈರ್ ರಿಲೇಯ 30ನೇ ಪಿನ್‌ಗೆ, 87ರಿಂದ ಪಂಪ್‌ಗೆ. ಹಳೇ ಪಂಪ್ ಫೀಡ್ ವೈರ್ 86ಕ್ಕೆ, 85 ಅರ್ಥ್‌ಗೆ. ಆ 86ಕ್ಕೆ ನೇರವಾಗಿ ಇಗ್ನಿಷನ್‌ನಿಂದ ಫೀಡ್ ಕೊಡಲೇಬೇಡಿ. 1.6ರಲ್ಲಿ ಏರ್‌ಫ್ಲೋ ಮೀಟರ್ ಒಳಗೇ ಪಂಪ್ ಸ್ವಿಚ್ ಇದೆ: ಇಂಜಿನ್ ನಿಂತ್ರೆ ಫ್ಲ್ಯಾಪ್ ಮುಚ್ಚಿ ಪಂಪೂ ನಿಲ್ಲುತ್ತೆ. ಆಕ್ಸಿಡೆಂಟ್ ಆದಾಗ ಜೀವ ಉಳಿಸೋದು ಅದೇ. ಸ್ಟ್ಯಾಂಡ್‌ಅಲೋನ್ ಹಾಕಿ ಆ ಮೀಟರ್ ತೆಗೆದ ದಿನ, ಸ್ವಿಚ್ ಅರ್ಥ್ ಮಾಡ್ತಿದ್ದ ವೈರನ್ನ ಇಸಿಯುನ ಪಂಪ್ ಔಟ್‌ಪುಟ್‌ಗೆ ಕೊಡಿ.

ರಿಟರ್ನ್‌ಲೈನ್:
ರಿಲೇ ಆದ ಮೇಲೆ ಇನ್ನೊಮ್ಮೆ ಅಳೆಯಿರಿ. ಪಂಪ್‌ನಲ್ಲಿ 13.3ಕ್ಕಿಂತ ಮೇಲೆ ಬಂದೂ ಪ್ರೆಶರ್ ಇಳಿದ್ರೆ ಟ್ಯಾಂಕ್ ಒಳಗೆ ನೋಡಬೇಕು. ಟರ್ಬೊಗೆ ಹೇಗಿದ್ರೂ 190 ಬೇಕು, ಒಂದೇ ಸಲ ಮುಗಿಸಿ.

ಇಂಜಿನ್ ಓಡ್ತಿರುವಾಗ ಡ್ಯಾಶ್ ಕೆಳಗಿನ ಸರ್ಕ್ಯೂಟ್ ಓಪನಿಂಗ್ ರಿಲೇ ಕನೆಕ್ಟರ್ ಕೀಳಿ, ತಾನೇ ಆಫ್ ಆಗ್ಲಿ, ಪ್ರೆಶರ್ ಇಳಿಯುತ್ತೆ. ಬ್ಯಾಟರಿ ನೆಗೆಟಿವ್ ಬಿಚ್ಚಿ, ಪೆಟ್ರೋಲ್ ಮುಚ್ಚಳ ತೆಗೆಯಿರಿ. ಸೀಟಿನ ಹಿಂದಿನ ಕಾರ್ಪೆಟ್ ಎತ್ತಿದ್ರೆ ತಗಡಿನ ಮುಚ್ಚಳ ಕಾಣುತ್ತೆ. ಅದನ್ನ ಬಿಚ್ಚೋಕೆ ಮುಂಚೆ ಧೂಳು ಪೂರ್ತಿ ಹೀರಿಸಿ, ಇಲ್ದಿದ್ರೆ ಸೀದಾ ಟ್ಯಾಂಕ್‌ಗೇ. ಫೀಡ್, ರಿಟರ್ನ್ ಪೈಪ್‌ಗಳಿಗೆ ಗುರುತು ಹಾಕಿ. ಪಂಪ್ ಬಾಯಿಗಿರೋ ಹಳೇ ಜರಡಿ ಯಾವ ಕೋನದಲ್ಲಿದೆ ಅಂತ ಫೋಟೋ ತೆಗೆದು, ಹೊಸದನ್ನ ಅದೇ ಕೋನಕ್ಕೆ ಕೂರಿಸಿ. ತಿರುಗಿದ್ರೆ ಕಾಲು ಟ್ಯಾಂಕ್‌ನಲ್ಲೇ ಗಾಳಿ ಎಳೆಯುತ್ತೆ.

ಜನ ತಪ್ಪೋದು ಪಂಪ್‌ನಿಂದ ಹ್ಯಾಂಗರ್‌ಗೆ (ಟ್ಯಾಂಕ್ ಒಳಗೆ ಪಂಪ್ ಹಿಡಿದಿರೋದು) ಹೋಗೋ ಗೇಣುದ್ದದ ಪೈಪ್‌ನಲ್ಲಿ. ಹಳೇದನ್ನ ಬೆರಳಲ್ಲಿ ಬಗ್ಗಿಸಿ ನೋಡಿ, ಹೊರಮೈಯಲ್ಲಿ ಕೂದಲೆಳೆಯಂಥ ಬಿರುಕು ಕಾಣಬಹುದು. ಅಲ್ಲಿಂದ ಪ್ರೆಶರ್ ಟ್ಯಾಂಕ್ ಒಳಗೇ ಸೋರುತ್ತೆ, ಹೊರಗೆ ವಾಸನೆಯೂ ಬರಲ್ಲ. ಅಂಗಡಿಯಲ್ಲಿ ಕೊಡೋ ಮಾಮೂಲಿ ಇಂಜೆಕ್ಷನ್ ಪೈಪ್ ಆರ್9, ಪೆಟ್ರೋಲ್ ಒಳಗಡೆ ಹೋಗೋದಕ್ಕೆ ಅಂತ ಮಾಡಿದ್ದು ಅಲ್ಲ. ಮುಳುಗಿರೋ ಜಾಗಕ್ಕೆ ಎಸ್‌ಎಇ ಜೆ30 ಆರ್10 ಅಂತ ಅಚ್ಚಾಗಿರೋದೇ ಬೇಕು, ಸಿಗದಿದ್ರೆ ಆನ್‌ಲೈನ್ ತರಿಸಿ. ಕ್ಲಾಂಪ್ ನಯವಾದ ಅಂಚಿನ ಇಂಜೆಕ್ಷನ್ ಟೈಪ್ ಇರಲಿ, ತೂತು ತೂತಿನ ಪಟ್ಟಿ ರಬ್ಬರ್ ಕೊರೆಯುತ್ತೆ. ಗ್ಯಾಸ್ಕೆಟ್ ಹೊಸದು ಹಾಕಿ, ಹಳೇದು ಹೊರಗೆ ಬಂದ ಕೂಡಲೇ ಊದಿಕೊಳ್ಳುತ್ತೆ, ವಾಪಸ್ ಕೂರಲ್ಲ.

ಮುಗಿದ ಮೇಲೆ ಇಗ್ನಿಷನ್ ಆನ್ ಮಾಡಿ, ಡಯಾಗ್ನೋಸಿಸ್ ಬಾಕ್ಸ್‌ನಲ್ಲಿ ಎಫ್/ಪಿ ಮತ್ತು ಜಿಎನ್‌ಡಿ ಎರಡನ್ನೂ ತಂತಿಯಿಂದ ಸೇರಿಸಿದ್ರೆ ಪಂಪ್ ಓಡುತ್ತೆ. ಸೋರಿಕೆ ನೋಡಿ. ಆಮೇಲೆ ಇಂಜಿನ್ ಕಡೆ ರಿಟರ್ನ್ ಪೈಪನ್ನ ಅಳತೆ ಡಬ್ಬಿಗೆ ಬಿಟ್ಟು 30 ಸೆಕೆಂಡ್ ಓಡಿಸಿ. 190ಕ್ಕೆ ಒಂದೂಕಾಲು ಲೀಟರ್‌ಗಿಂತ ಕಮ್ಮಿ ಬಂದ್ರೆ ಪಂಪ್ ನಕಲಿ ಇರಬಹುದು, ವಾಲ್‌ಬ್ರೊ ಹೆಸರಲ್ಲಿ ಬೇಕಾದಷ್ಟು ನಕಲಿ ಓಡಾಡ್ತಿವೆ. ಪಂಪ್ ಆಫ್ ಮಾಡಿ ಐದು ನಿಮಿಷ ಆದ್ಮೇಲೂ ಗೇಜ್ 1.5 ಬಾರ್ ಮೇಲೆ ನಿಂತಿರಬೇಕು. ಇಳಿದ್ರೆ ಚೆಕ್ ವಾಲ್ವ್, ಆ ಪೈಪ್, ರೆಗ್ಯುಲೇಟರ್, ಇಂಜೆಕ್ಟರ್, ಇದೇ ಸಾಲಲ್ಲಿ ಹುಡುಕಿ.

ಬಸವನಗುಡಿ_ರೋಡ್‌ಸ್ಟರ್:
ರಿಲೇ ಹಾಕಿದೆ. ಪಂಪ್‌ನಲ್ಲಿ 13.5, ಪ್ರೆಶರ್ 6,000ದಲ್ಲಿ 2.8. ಟ್ಯಾಂಕ್ ತುಂಬಿದಾಗ ವೈಡ್‌ಬ್ಯಾಂಡ್ 12.6, ಕಾಲು ಟ್ಯಾಂಕ್‌ನಲ್ಲಿ ತಿರುವು ತಗೊಂಡ್ರೆ ಮಾತ್ರ ಇನ್ನೂ 14ಕ್ಕೆ ಹಾರುತ್ತೆ.

ರಿಟರ್ನ್‌ಲೈನ್:
ಅದು ಜರಡಿ. ಕಟ್ಟಿರಬೇಕು, ಇಲ್ಲಾ ತಿರುಗಿರಬೇಕು. 190 ತರಿಸುವಾಗ ಜರಡಿಯನ್ನೂ ಸೇರಿಸಿ.