ಬಸವ ವಸತಿ ಮನೆ: ಪಾಯಕ್ಕೆ ಮುಂಚೆ ಕೈಯಲ್ಲಿ ಎಷ್ಟಿರಬೇಕು? ಕಟ್ಟಿಸಿದವರು ಹೇಳಿ

ಕೇಳಿದವರು: ರಾಜ್ಯ ಸರ್ಕಾರದ ಬಸವ ವಸತಿ ಯೋಜನೆಯಲ್ಲಿ ಹೆಂಡತಿ ಹೆಸರಿಗೆ ಮನೆ ಬಂದಿದೆ, ಸಹಾಯಧನ 1.20 ಲಕ್ಷ. 18×20 ಅಡಿ ಕಟ್ಟುವ ಯೋಚನೆ. ಜಾಗದ ಫಾರಂ 9 (ಪಂಚಾಯ್ತಿ ಖಾತೆ ಪತ್ರ) ಇನ್ನೂ ಅಪ್ಪನ ಹೆಸರಲ್ಲಿದೆ. ಆಷಾಢಕ್ಕೆ ಮೊದಲೇ ಪಾಯ ತೆಗೆಸಿಬಿಡಲಾ?

ಹಾಸನ ಕಡೆ: ಕಾಮಗಾರಿ ಆದೇಶ ಕೈಗೆ ಬಾರದೆ ಗುದ್ದಲಿ ಮುಟ್ಟಬೇಡಿ. ಖಾಲಿ ಜಾಗದ ಜಿಪಿಎಸ್ ಫೋಟೊ ಮೊದಲು ಆಗಬೇಕು. ಆಮೇಲೆ ಪಾಯ, ಲಿಂಟಲ್, ಚಾವಣಿ, ಪೂರ್ಣ ಅಂತ ನಾಲ್ಕು ಫೋಟೊ, ಮೂವತ್ತು ಮೂವತ್ತು ಸಾವಿರ. ಕೆಲಸ ಆದ ಮೇಲೆ ದುಡ್ಡು, ಮುಂಚೆ ಅಲ್ಲ. ಪಾಯಕ್ಕೆ ಸೈಜುಗಲ್ಲು, ಮರಳು, ಸಿಮೆಂಟು, ಕೂಲಿ ಎಲ್ಲ ನಮ್ಮ ಕೈಯಿಂದಲೇ ಹೋಯ್ತು. ಫೋಟೊ ತೆಗೆದ ಮೇಲೂ ಕಂತು ಬರಲಿಲ್ಲ. ಆಧಾರ್ ಯಾವುದೋ ಹಳೇ ಖಾತೆಗೆ ಮ್ಯಾಪ್ ಆಗಿತ್ತು, ಮನೆಯವಳಿಗೆ ಆ ಖಾತೆ ಇದ್ದದ್ದೇ ಮರೆತಿತ್ತು. ಪಾಸ್‌ಬುಕ್ ಜೆರಾಕ್ಸ್ ಕೊಟ್ಟರೆ ಸಾಲದು, ಎನ್‌ಪಿಸಿಐ ಮ್ಯಾಪಿಂಗ್, ಅಂದರೆ ಆಧಾರ್ ಮೇಲೆ ಬರೋ ದುಡ್ಡು ಯಾವ ಬ್ಯಾಂಕಿಗೆ ಹೋಗತ್ತೆ ಅಂತ ನೋಡಿಸಿ.

ಗದಗ ಕಡೆ: ಆದೇಶ ಕಾಯ್ಕೊಂತ ಕುಂತ್ರ ಮಳಿಗಾಲ ಬರ್ತದ ನೋಡ್ರಿ. ಎರಿ ಮಣ್ಣಾಗ ನೀರು ನಿಂತ್ರ ಪಾಯದ ಗೋಡಿ ಕುಸೀತದ. ನಾವು ಮೊದಲೇ ತೋಡಿಸಿ, ಗಟ್ಟಿ ನೆಲ ಸಿಗೂತನಕ ಐದು ಅಡಿ ಇಳಿಸಿದ್ವಿ. ಹೆಚ್ಚಿನ ಎರಡು ಅಡಿ ಕಲ್ಲಿನ ಖರ್ಚು ಯಾರೂ ಕೊಡಂಗಿಲ್ಲ.

ಹಾಸನ ಕಡೆ: ಮೊದಲೇ ತೋಡಿಸಿ ಅಂತ ಬೇರೆಯವರಿಗೆ ಹೇಳಬೇಡಿ ಸ್ವಾಮಿ. ಎದ್ದ ಪಾಯವನ್ನು ಖಾಲಿ ನಿವೇಶನ ಅಂತ ಯಾರು ಫೋಟೊ ಹಿಡೀತಾರೆ? ನಿಮ್ಮದು ಹೇಗೋ ದಾಟಿತು, ಅಷ್ಟೇ.

ಗದಗ ಕಡೆ: ಹೇಗೋ ದಾಟಿಲ್ಲ. ಕಾಗದ ಸರಿ ಇತ್ತು, ದಾಟಿತು. ನಿಮ್ಮ ಖಾತಿ ನಿಮಗ ಮರ್ತಿದ್ದಕ್ಕ ನಮಗ್ಯಾಕ ಬುದ್ಧಿ ಹೇಳ್ತೀರಿ?

ತುಮಕೂರು: ಸ್ವಂತ ಮನೆ ಕಟ್ಟೋದಕ್ಕೆ ಸಿಗೋ ನರೇಗಾ ಕೂಲಿ ಮಾತು ಯಾರೂ ಎತ್ತಲೇ ಇಲ್ಲವಲ್ಲ. 90 ಮಾನವ ದಿನ, 2025-26ರಲ್ಲಿ ದಿನಕ್ಕೆ 370 ಇತ್ತು, ಆ ಲೆಕ್ಕಕ್ಕೆ 33,300. ಇದು ಒಂದು ಕಂತಿಗಿಂತ ದೊಡ್ಡದು. ಆದರೆ ಹಂತಕ್ಕೆ ತಕ್ಕಂತೆ ಎನ್‌ಎಂಆರ್ (ಕೂಲಿ ಹಾಜರಿ ಪಟ್ಟಿ) ತೆಗೆಸಬೇಕು, ದಿನದ ಲೆಕ್ಕ ಹೀಗೆ: ಪಾಯದವರೆಗೆ 28, ಲಿಂಟಲ್‌ವರೆಗೆ 24, ಚಾವಣಿಗೆ 10, ಮುಗಿಸೋದಕ್ಕೆ 28. ಗೋಡೆ ಎದ್ದ ಮೇಲೆ ಪಾಯದ 28 ದಿನ ಕೇಳಿದರೆ ಸಿಗಲ್ಲ. ನಮಗೆ ಹೋದದ್ದು ಅದೇ, 10,360. ಮೇಸ್ತ್ರಿ ಅವಸರ ಮಾಡಿದ, ನಾವು ಕುಣಿದೆವು. ಜಾಬ್‌ಕಾರ್ಡಲ್ಲಿ ಹೆಂಡತಿ ಹೆಸರು ಇದೆಯಾ ಅಂತ ಈಗಲೇ ನೋಡಿಕೊಳ್ಳಿ. ಶೌಚಾಲಯದ 12,000 ಬೇರೆ ಅರ್ಜಿ.

ಮಲೆನಾಡಿಗ: ಗುಡ್ಡಗಾಡಿಗೆ 1.30 ಲಕ್ಷ ಕೊಡ್ತಾರೆ. ನಮ್ಮ ಪಂಚಾಯ್ತಿಯವರು 1.20 ಅಂತಲೇ ಮುಗಿಸಿದರು. ಇಲ್ಲಿ ಸಿಮೆಂಟ್ ಮೂಟೆ ತಲೆ ಮೇಲೆ ಹೊತ್ತು ತರಬೇಕು.

ತುಮಕೂರು: ಆ 1.30 ಇರೋದು ಪಿಎಂ ಆವಾಸ್ ಗ್ರಾಮೀಣದಲ್ಲಿ, ಗುಡ್ಡಗಾಡು ರಾಜ್ಯಗಳಿಗೆ. ಘಟ್ಟದ ಮೇಲಿದ್ದ ಮಾತ್ರಕ್ಕೆ ಸಿಗಲ್ಲ. ಬಸವ ವಸತಿ ನಮ್ಮ ರಾಜ್ಯ ಸರ್ಕಾರದ್ದು, ಎರಡನ್ನೂ ಬೆರೆಸಬೇಡಿ.

ಮಲೆನಾಡಿಗ: ಮೂಟೆ ಹೊರುವವರಿಗೆ ಯೋಜನೆ ಯಾವುದಾದರೇನು ಮಾರಾಯ್ರೆ.

ಮೈಸೂರು ಕಡೆ: 18×20 ಅಂದರೆ ಮೋಲ್ಡ್ (ಕಾಂಕ್ರೀಟ್ ಚಾವಣಿ) 360 ಚದರಡಿ. ಐದಿಂಚು ದಪ್ಪಕ್ಕೆ 150 ಘನ ಅಡಿ ಕಾಂಕ್ರೀಟು, ಸಿಮೆಂಟ್ 34 ಮೂಟೆ, ಕಬ್ಬಿಣ ಹೆಚ್ಚುಕಮ್ಮಿ ಮೂರೂವರೆ ಕ್ವಿಂಟಲ್. ಸೆಂಟ್ರಿಂಗ್ ಬಾಡಿಗೆ ಪ್ರತ್ಯೇಕ. ಚಾವಣಿ ಕಂತು ಅದರ ಹತ್ತಿರಕ್ಕೂ ಬರಲ್ಲ, ಎಲ್ಲರೂ ಸಾಲಕ್ಕೆ ಬೀಳೋದು ಇಲ್ಲೇ. ಗೋಡೆಗೆ ಆರಿಂಚಿನ ಸಾಲಿಡ್ ಬ್ಲಾಕ್ ಸಾವಿರ ಸಾಕು. ಇಟ್ಟಿಗೆ ಅಂದರೆ ಗಾರೆ ಖರ್ಚೂ ಜಾಸ್ತಿ, ಕೂಲಿಯೂ ಜಾಸ್ತಿ.

ಗದಗ ಕಡೆ: ಬ್ಲಾಕಿನ ಮನಿಯಾಗ ಮೇ ತಿಂಗಳು ಮಲಗಿ ನೋಡ್ರಿ, ಆಮೇಲೆ ಹೇಳ್ರಿ.

ಮೈಸೂರು ಕಡೆ: ಹಸಿ ಬ್ಲಾಕ್ ತಂದು ಕಟ್ಟಿದರೆ ಗೋಡೆ ಬಿರಿಯತ್ತೆ, ಅದು ಬ್ಲಾಕಿನ ತಪ್ಪಲ್ಲ. ಇಪ್ಪತ್ತೊಂದು ದಿನ ನೀರುಂಡ ಮಾಲು ಕೇಳಿ. ಸೆಕೆ ಹೆಚ್ಚಾಗಿ ಮೋಲ್ಡಿಂದ ಇಳಿಯೋದು, ಗೋಡೆಯಿಂದ ಕಮ್ಮಿ.

ಗದಗ ಕಡೆ: ಮೋಲ್ಡ್ ನಮ್ಮದೂ ಐತಿ. ನಮ್ಮ ಇಟ್ಟಂಗಿ ಗ್ವಾಡಿ ತಣ್ಣಗ ಐತಿ.

ಕೇಳಿದವರು: ಫಾರಂ 9 ಅಪ್ಪನ ಹೆಸರಲ್ಲಿದ್ದರೆ?

ತುಮಕೂರು: ಸೊಸೆ ಹೆಸರಿಗೆ ದಾನಪತ್ರ ರಿಜಿಸ್ಟರ್ ಮಾಡಿಸಿ, ಪಂಚಾಯ್ತಿಯಲ್ಲಿ ಹಕ್ಕು ಬದಲಾವಣೆ ಮುಗಿಸಿ. ಅದೂ ಆದೇಶಕ್ಕೆ ಮುಂಚೆ. ಆಷಾಢ ಕಾಯಲಿ.